ಪ್ರೀಬಯಾಟಿಕ್ ಡಬ್ಬಿ ಕೊಳ್ಳುವ ಮೊದಲು: ಕೂಸಿನ ಹೊಟ್ಟೆಗೊಂದು ಮಾರ್ಗದರ್ಶಿ

“ಅಣ್ಣಾರ, ಆ ಪ್ರೀಬಯಾಟಿಕ್ ಇರೋ ಹಾಲಿನ ಪುಡಿ ಕೊಡ್ರಿ. ಮೂರು ದಿನ ಆತು, ಕೂಸು ಹೊರಕಡಿ ಹೋಗಿಲ್ಲ.”

ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ವಾರದಲ್ಲಿ ನಾಲ್ಕೈದು ಸಲವಾದರೂ ಈ ಮಾತು ಕೇಳುತ್ತದೆ. ಮೊದಲು ಗ್ರೈಪ್ ವಾಟರ್ ಕೇಳುತ್ತಿದ್ದವರು ಈಗ ಮೊಬೈಲಿನಲ್ಲಿ ಡಬ್ಬಿಯ ಫೋಟೊ ತೋರಿಸುತ್ತಾರೆ. ಮಾರಿದರೆ ನನಗೆ ಲಾಭವೇ. ಆದರೂ ಬಹಳ ಮಂದಿಗೆ “ನಿಮಗ ಇದು ಬ್ಯಾಡ್ರಿ” ಎಂದು ಹೇಳಿ ಕಳಿಸಬೇಕಾಗುತ್ತದೆ. ಹಿಂದೆ ನಾಲ್ಕು ಮಂದಿ ಚೀಟಿ ಹಿಡಿದು ನಿಂತಿರುವಾಗ ಯಾಕೆ ಬೇಡ ಎಂದು ವಿವರಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದು ಹುಟ್ಟಿನಿಂದ ಒಂದು ವರ್ಷದವರೆಗಿನ ಕೂಸುಗಳಿಗೆ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳ ವಿಷಯದಲ್ಲಿ ಮಾತ್ರ ಡಾಕ್ಟರು ಹೇಳಿದ್ದೇ ಲೆಕ್ಕ.

ಮೊದಲು ಕೆಲವು ಶಬ್ದ

ಗದಗ ಕಡೆಯ ರೈತರಿಗೆ ಇದನ್ನು ತಿಳಿಸುವುದು ಸುಲಭ. ಹೆಸರು ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಪುಡಿ ಹಚ್ಚುತ್ತಾರಲ್ಲ, ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಹಾಗೆ ಹೊಟ್ಟೆಗೆ ಹೊರಗಿನಿಂದ ಕೊಡುವ ಜೀವಂತ ಬ್ಯಾಕ್ಟೀರಿಯಾಕ್ಕೆ ಪ್ರೋಬಯಾಟಿಕ್ ಎನ್ನುತ್ತಾರೆ. ತಿಪ್ಪೆಗೊಬ್ಬರ ಹಾಕಿದಾಗ ಮಣ್ಣಿನಲ್ಲಿ ಮೊದಲೇ ಇದ್ದ ಜೀವಿಗಳು ಅದನ್ನು ತಿಂದು ಹೆಚ್ಚುತ್ತವೆ. ಹೊಟ್ಟೆಯಲ್ಲಿ ಆ ಗೊಬ್ಬರದ ಕೆಲಸ ಮಾಡುವುದು ಪ್ರೀಬಯಾಟಿಕ್. ನಾವು ಅರಗಿಸಿಕೊಳ್ಳಲಾರದ, ದೊಡ್ಡ ಕರುಳಿನವರೆಗೆ ಹಾಗೆಯೇ ಇಳಿದು ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುವ ಪದಾರ್ಥ ಅದು. ಹೆಸರು ಬಳಕೆಗೆ ಬಂದದ್ದು 1995ರಲ್ಲಿ.

ಡಬ್ಬಿಯ ಮೇಲೆ ಜಿಓಎಸ್ ಎಂಬ ಮೂರಕ್ಷರ ಕಂಡರೆ ಅದು ಗ್ಯಾಲಕ್ಟೋ ಆಲಿಗೋಸ್ಯಾಕರೈಡ್. ಆಲಿಗೋಸ್ಯಾಕರೈಡ್ ಎಂದರೆ ನಾಲ್ಕಾರು ಸಕ್ಕರೆ ಕಣಗಳ ಪುಟ್ಟ ಸರಪಳಿ. ಜಿಓಎಸ್ಸನ್ನು ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸಿನಿಂದ ತಯಾರಿಸುತ್ತಾರೆ. ಎಫ್‌ಓಎಸ್, ಇನುಲಿನ್ ಎಂಬವು ಹೆಚ್ಚಾಗಿ ಚಿಕೋರಿ ಬೇರಿನವು. ಕಾಫಿ ಪುಡಿಗೆ ಬೆರೆಸುತ್ತಾರಲ್ಲ, ಅದೇ ಚಿಕೋರಿ. ಎಚ್‌ಎಂಓ ಎಂದರೆ ತಾಯಿಯ ಹಾಲಿನಲ್ಲಿರುವ ಆಲಿಗೋಸ್ಯಾಕರೈಡುಗಳು. ದುಬಾರಿ ಡಬ್ಬಿಗಳಲ್ಲಿ ಇವುಗಳ ಒಂದೆರಡು ಬಗೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಸೇರಿಸಿರುತ್ತಾರೆ.

ಕೈಗೆ ಬೇಕಾದದ್ದು

ತಾಯಿ ಕಾರ್ಡು, ಒಂದು ಹಳೆಯ ನೋಟ್‌ಬುಕ್ಕು, ಮುಚ್ಚಳವಿರುವ ಸ್ಟೀಲ್ ಪಾತ್ರೆ, ಕೂಸಿಗೇ ಮೀಸಲಾದ ಬಟ್ಟಲು ಮತ್ತು ಚಮಚ, ಎರಡು ಪ್ಯಾಕೆಟ್ ಓಆರ್‌ಎಸ್. ಡಬ್ಬಿಯನ್ನು ಈ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ.

ಹಂತ 1: ಮೂರು ದಿನ ಬರೆದಿಡಿ

ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ಯಿತು, ಹೊರಕಡೆ ಎಷ್ಟು ಸಲ, ಅದು ಗಟ್ಟಿಯೋ ಮೆತ್ತಗೋ, ಬಣ್ಣ ಯಾವುದು. ಇಷ್ಟೇ ಬರೆಯಿರಿ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದೆಯೇ ನೋಡಿ. ಈ ಕೆಲಸ ಮುಗಿಯುವಷ್ಟರಲ್ಲಿ ಬಹಳ ಮಂದಿಯ ಚಿಂತೆ ಅರ್ಧಕ್ಕೆ ಇಳಿದಿರುತ್ತದೆ. ಕೂಸಿನ ಹೊಟ್ಟೆಯ ಕ್ರಮ ನಮ್ಮ ಹೊಟ್ಟೆಯದಲ್ಲ.

ತಾಯಿಯ ಹಾಲನ್ನಷ್ಟೇ ಕುಡಿಯುವ ಕೂಸು ದಿನಕ್ಕೆ ಎಂಟು ಸಲ ಹೊರಕಡೆ ಹೋದರೂ ಸರಿಯೇ. ಒಂದೂವರೆ ತಿಂಗಳು ದಾಟಿದ ಮೇಲೆ ವಾರಕ್ಕೊಮ್ಮೆ ಹೋದರೂ ಸರಿಯೇ. ಮಲ ಮೆತ್ತಗಿರಬೇಕು, ಕೂಸು ಆಡಿಕೊಂಡಿರಬೇಕು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಬಣ್ಣ ಹಳದಿ, ಸಾಸಿವೆ, ಸ್ವಲ್ಪ ಹಸಿರು ಯಾವುದಿದ್ದರೂ ಗಾಬರಿ ಬೇಡ. ಕಬ್ಬಿಣಾಂಶದ ಸಿರಪ್ ಕುಡಿಯುತ್ತಿದ್ದರೆ ಕಪ್ಪಗೂ ಆಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕೂಸು ಹತ್ತು ನಿಮಿಷ ತಿಣುಕಿ, ಮುಖ ಕೆಂಪಾಗಿಸಿಕೊಂಡು, ಅತ್ತು ಕೊನೆಗೆ ಮೆತ್ತಗಿನ ಮಲವನ್ನೇ ಹಾಕುತ್ತದೆ. “ಮಲಬದ್ಧತೆ ಆಗೇದ” ಎಂದು ಅಂಗಡಿಗೆ ಓಡಿ ಬರುತ್ತಾರೆ. ಅದು ಮಲಬದ್ಧತೆಯಲ್ಲ. ಹೊಟ್ಟೆ ಬಿಗಿಹಿಡಿದು ಒತ್ತುವಾಗ ಕೆಳಗೆ ಸಡಿಲ ಬಿಡಬೇಕು ಎಂಬುದನ್ನು ಕೂಸು ಇನ್ನೂ ಕಲಿತಿರುವುದಿಲ್ಲ. ಕೆಲವು ವಾರದಲ್ಲಿ ತಾನೇ ಕಲಿಯುತ್ತದೆ. ಮಲಬದ್ಧತೆ ಎನ್ನಬೇಕಾದರೆ ಮಲ ಆಡಿನ ಹಿಕ್ಕೆಯಂತೆ ಗಟ್ಟಿಯಾಗಿ, ಉಂಡೆಯುಂಡೆಯಾಗಿ ಬರಬೇಕು. ಸಂಜೆಯಾದರೆ ಕಾರಣವಿಲ್ಲದೆ ಗಂಟೆಗಟ್ಟಲೆ ಅಳುವುದೂ ಹೀಗೆಯೇ. ಸುಮಾರು ಆರನೆಯ ವಾರಕ್ಕೆ ಹೆಚ್ಚುತ್ತದೆ, ಮೂರ್ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ.

ಹಂತ 2: ಯಾವಾಗ ಅಂಗಡಿಗೆ ಬರದೆ ಆಸ್ಪತ್ರೆಗೆ ಹೋಗಬೇಕು

ಕೆಳಗಿನವುಗಳಲ್ಲಿ ಒಂದು ಕಂಡರೂ ಡಬ್ಬಿ, ಗ್ರೈಪ್ ವಾಟರ್, ಮನೆಮದ್ದು ಎಲ್ಲ ಬದಿಗಿಟ್ಟು ಹೊರಡಿ. ಹುಬ್ಬಳ್ಳಿಯವರು ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ. ಗಾಡಿ ಇಲ್ಲದಿದ್ದರೆ 108.

- ಮಲ ಬಿಳಿಯಾಗಿ ಇಲ್ಲವೇ ಸುಣ್ಣದ ಬಣ್ಣದಲ್ಲಿ ಬರುವುದು, ಎರಡು ವಾರ ಕಳೆದರೂ ಕಾಮಾಲೆ ಇಳಿಯದಿರುವುದು. ಪಿತ್ತನಾಳ ಕಟ್ಟಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೆ ಎರಡು ತಿಂಗಳು ತುಂಬುವುದರೊಳಗೆ ಆದಷ್ಟೂ ಒಳ್ಳೆಯದು. ಹೀಗಾಗಿ ಒಂದು ದಿನವನ್ನೂ ಕಳೆಯಬೇಡಿ.
- ಹಸಿರು ವಾಂತಿ.
- ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಚೀರುವುದು, ಸುಮ್ಮನಾಗುವುದು, ಮತ್ತೆ ಚೀರುವುದು. ಮಲದಲ್ಲಿ ರಕ್ತ, ಲೋಳೆ. ಕರುಳಿನೊಳಗೆ ಕರುಳು ತೂರಿಕೊಂಡಾಗ ಹೀಗಾಗುತ್ತದೆ.
- ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದಿರುವುದು.
- ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿಯಾಗುವುದು, ಹಾಲು ಬಿಡುವುದು, ಮಂಕಾಗುವುದು, ಎರಡು ತಿಂಗಳೊಳಗಿನ ಕೂಸಿಗೆ ಜ್ವರ.

ಹಂತ 3: ಆರು ತಿಂಗಳೊಳಗೆ ತಾಯಿಯ ಹಾಲು

ಜನ ದುಡ್ಡು ಕೊಟ್ಟು ಹುಡುಕುವ ಪ್ರೀಬಯಾಟಿಕ್ ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಮೂರನೆಯ ದೊಡ್ಡ ಪಾಲು. ಹೆರಿಗೆಯಾದ ಹೊಸತರ ಹಳದಿ ಹಾಲಿನಲ್ಲಿ ಲೀಟರಿಗೆ 20 ಗ್ರಾಂ ದಾಟುತ್ತದೆ, ಆಮೇಲಿನ ಹಾಲಿನಲ್ಲಿ 5ರಿಂದ 15 ಗ್ರಾಂ. ಬಗೆಗಳೇ 150ಕ್ಕೂ ಹೆಚ್ಚು. ಅದರಲ್ಲಿ ಕೂಸಿನ ಹೊಟ್ಟೆ ತುಂಬಿಸುವಂಥದ್ದು ಹೆಚ್ಚೇನೂ ಇಲ್ಲ. ಅದು ಹೋಗುವುದು ಬಿಫಿಡೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳ ಹೊಟ್ಟೆಗೆ. ಅವು ಅದನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಯಲ್ಲಿ ರೋಗ ತರುವ ಹಲವು ಜಾತಿಗಳು ಬಾಳುವುದಿಲ್ಲ. ಅಷ್ಟು ಒಳ್ಳೆಯ ಹಳದಿ ಹಾಲನ್ನು “ಕೆಟ್ಟ ಹಾಲು” ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು.

“ಹಂಗಾರ ಬಾಣಂತಿಗೆ ಬೆಳ್ಳುಳ್ಳಿ, ಉಳ್ಳಾಗಡ್ಡಿ ಜಾಸ್ತಿ ಕೊಟ್ರ ಹಾಲಿನ್ಯಾಗ ಪ್ರೀಬಯಾಟಿಕ್ ಹೆಚ್ಚಾಗ್ತದೇನ್ರಿ?” ಎಂದು ಒಬ್ಬ ಅಜ್ಜಿ ಕೇಳಿದರು. ಒಳ್ಳೆಯ ಪ್ರಶ್ನೆ. ಬೆಳ್ಳುಳ್ಳಿಯ ಇನುಲಿನ್ ತಾಯಿಯ ಕರುಳಿನಲ್ಲೇ ಮುಗಿಯುತ್ತದೆ, ಎದೆಹಾಲಿಗೆ ಇಳಿಯುವುದಿಲ್ಲ. ಹಾಲಿನಲ್ಲಿ ಯಾವ ಬಗೆಯ ಆಲಿಗೋಸ್ಯಾಕರೈಡ್ ಇರುತ್ತದೆ ಎಂಬುದನ್ನು ಬಹುಪಾಲು ತಾಯಿಯ ಹುಟ್ಟುಗುಣವೇ ನಿರ್ಧರಿಸುತ್ತದೆ. ಬಾಣಂತಿಯ ಮಲಬದ್ಧತೆಗೆ ಮಾತ್ರ ಆ ಬೆಳ್ಳುಳ್ಳಿ, ಸಬ್ಬಸಗಿ ಪಲ್ಯ ಎಲ್ಲ ಒಳ್ಳೆಯವೇ. ಜೊತೆಗೆ ನೀರನ್ನೂ ಕೊಡಿ. ಬಾಣಂತಿಗೆ ನೀರು ಹಿಡಿದು ಕೊಡುವ ರೂಢಿಯನ್ನು ಇನ್ನಾದರೂ ಬಿಡೋಣ.

ಈ ಹಂತದಲ್ಲಿ ಜನ ಎಡವುವುದು ಮನೆಮದ್ದಿನಲ್ಲಿ. ಜೇನು ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಕಣಗಳು ಒಂದು ವರ್ಷದೊಳಗಿನ ಕೂಸಿಗೆ ಪಾರ್ಶ್ವವಾಯುವಿನಂಥ ಸ್ಥಿತಿ ತರಬಲ್ಲವು. ಔಡಲೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವುದು ಇನ್ನೂ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಜೆ, ಗುಟ್ಟಿ ತೇಯುವ ಕಲ್ಲಿನ ಸ್ವಚ್ಛತೆಯ ಮಾತು ಹಾಗಿರಲಿ, ಅವು ಬೇಕಾಗಿಯೇ ಇಲ್ಲ. ಬ್ಯಾಸಿಗಿಯಲ್ಲೂ ಮೇಲೆ ನೀರು ಕುಡಿಸಬೇಡಿ, ಎದೆಹಾಲಿನಲ್ಲಿ ಬೇಕಾದಷ್ಟು ನೀರಿದೆ.

ಹಂತ 4: ಪುಡಿಹಾಲು ಬೇಕೇಬೇಕಾದರೆ ಡಬ್ಬಿ ಓದುವುದು ಹೇಗೆ

ತಾಯಿಯ ಕಾಯಿಲೆ, ಔಷಧ, ದತ್ತು ಪಡೆದ ಕೂಸು, ಎಷ್ಟು ಪ್ರಯತ್ನಿಸಿದರೂ ಸಾಲದ ಹಾಲು. ಇಂಥ ಕಾರಣಕ್ಕೆ ಡಾಕ್ಟರು ಪುಡಿಹಾಲು ಬರೆದುಕೊಟ್ಟರೆ ಅದರಲ್ಲಿ ನಾಚುವಂಥದ್ದು ಏನೂ ಇಲ್ಲ. ಆಗ ಡಬ್ಬಿಯನ್ನು ತಿರುವಿ ಹಿಂಭಾಗ ನೋಡಿ.

ಮೊದಲು ಹಂತದ ಅಂಕಿ: 1 ಎಂದಿದ್ದರೆ ಆರು ತಿಂಗಳವರೆಗೆ, 2 ಎಂದಿದ್ದರೆ ಆರರ ನಂತರ. ಆಮೇಲೆ ಪದಾರ್ಥಗಳ ಪಟ್ಟಿ. ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಎಂಬ ಕ್ರಮದಲ್ಲಿ ಬರೆದಿರುತ್ತಾರೆ. ಜಿಓಎಸ್, ಎಫ್‌ಓಎಸ್ ಹೆಸರು ಅಲ್ಲಿ ಹುಡುಕಿ. ಪ್ರಮಾಣ ನೋಡುವಾಗ ‘100 ಗ್ರಾಂ ಪುಡಿಗೆ’ ಎಂಬ ಸಾಲು ಬಿಟ್ಟು ‘ತಯಾರಾದ 100 ಮಿಲಿಗೆ’ ಎಂಬ ಸಾಲನ್ನೇ ಹೋಲಿಸಿ, ಇಲ್ಲದಿದ್ದರೆ ಸಣ್ಣ ಅಂಕಿಯೂ ದೊಡ್ಡದಾಗಿ ಕಾಣುತ್ತದೆ. ಯುರೋಪಿನ ನಿಯಮದಲ್ಲಿ ಈ ಎರಡರ ಮಿಶ್ರಣಕ್ಕೆ 100 ಮಿಲಿಗೆ 0.8 ಗ್ರಾಂ ಮೇಲ್ಮಿತಿ. ತಾಯಿಯ ಹಾಲಿನ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಅದೇನೂ ಅಸಂಬದ್ಧ ಪ್ರಮಾಣವಲ್ಲ.

ಇನ್ನು ಉಪಯೋಗದ ಮಾತು. ಜಿಓಎಸ್-ಎಫ್‌ಓಎಸ್ ಸೇರಿಸಿದ ಪುಡಿಹಾಲು ಕುಡಿದ ಕೂಸುಗಳ ಮಲ ಮೆತ್ತಗಾಗುತ್ತದೆ, ಬಿಫಿಡೋಬ್ಯಾಕ್ಟೀರಿಯಾ ಹೆಚ್ಚುತ್ತವೆ. ಇದು ಹಲವು ಪರೀಕ್ಷೆಗಳಲ್ಲಿ ಕಂಡದ್ದು. ಅದರಾಚೆಗೆ ಏನಿದೆ ಎಂದರೆ ಬಾಯಿ ಬಿಗಿಹಿಡಿಯಬೇಕು. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘದ ಸಮಿತಿ 2011ರಲ್ಲಿ, ಇವನ್ನು ಎಲ್ಲ ಪುಡಿಹಾಲಿಗೂ ಸೇರಿಸಿ ಎಂದು ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ವಿಶ್ವ ಅಲರ್ಜಿ ಸಂಸ್ಥೆ 2016ರಲ್ಲಿ, ಅಲರ್ಜಿ ತಡೆಯುವ ಸಲುವಾಗಿ, ಎದೆಹಾಲನ್ನಷ್ಟೇ ನಂಬಿಲ್ಲದ ಕೂಸುಗಳಿಗೆ ಪ್ರೀಬಯಾಟಿಕ್ ಕೊಡಬಹುದು, ಎದೆಹಾಲನ್ನಷ್ಟೇ ಕುಡಿಯುವವಕ್ಕೆ ಬೇಡ ಎಂದಿತು. ಆ ಮಾತಿಗೂ ಆಧಾರ ತೀರ ದುರ್ಬಲ ಎಂದು ತಾನೇ ಒಪ್ಪಿಕೊಂಡಿತು. ನನ್ನ ಲೆಕ್ಕ ಇಷ್ಟು: ಎರಡು ಡಬ್ಬಿಗಳ ಬೆಲೆ ಹತ್ತಿರಹತ್ತಿರ ಇದ್ದರೆ ಪ್ರೀಬಯಾಟಿಕ್ ಇರುವುದನ್ನು ಕೊಳ್ಳಿ. ಅದಕ್ಕಾಗಿಯೇ ದುಬಾರಿ ಡಬ್ಬಿಗೆ ಹೋಗಿ, ತಿಂಗಳ ಕೊನೆಗೆ ಪುಡಿ ಉಳಿಸಲು ನೀರು ಹೆಚ್ಚು ಬೆರೆಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಒಬ್ಬ ಯಜಮಾನರು ಒಂದು ಅಳತೆ ಚಮಚಕ್ಕೆ ನೂರು ಮಿಲಿ ನೀರು ಹಾಕುತ್ತಿದ್ದರು. ಕೂಸಿನ ಹೊಟ್ಟೆ ನೆಟ್ಟಗಿತ್ತು, ತೂಕ ಮಾತ್ರ ಎರಡು ತಿಂಗಳಿಂದ ಅಲ್ಲೇ ನಿಂತಿತ್ತು.

ಕಾನೂನೂ ಗೊತ್ತಿರಲಿ. 1992ರ ಶಿಶು ಹಾಲು ಬದಲಿಗಳ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಆಹಾರ ಮತ್ತು ಹಾಲಿನ ಬಾಟಲಿಗಳಿಗೆ ಜಾಹೀರಾತು ಕೊಡುವಂತಿಲ್ಲ, ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಪುಡಿಹಾಲಿನ ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಇರಬಾರದು. ಮೊಬೈಲಿನಲ್ಲಿ ಯಾರಾದರೂ ಡಬ್ಬಿ ಎತ್ತಿ ಹಿಡಿದು ಹೊಗಳುತ್ತಿದ್ದರೆ ಈ ಕಾಯ್ದೆ ನೆನಪಾಗಲಿ.

ಡಬ್ಬಿ ಬೇಡವೆಂದು ಆಕಳ ಹಾಲಿಗೆ ನೀರು ಬೆರೆಸಿ ಕೊಡುವವರೂ ಇದ್ದಾರೆ. ಒಂದು ವರ್ಷದೊಳಗೆ ಆಕಳ, ಎಮ್ಮೆ ಹಾಲು ಕುಡಿಯುವ ಮುಖ್ಯ ಹಾಲಾಗಬಾರದು. ಅದರಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸುತ್ತದೆ, ಮಲವನ್ನೂ ಗಟ್ಟಿ ಮಾಡುತ್ತದೆ.

ಹಂತ 5: ನೀರು, ಬಿಸಿ, ಅಳತೆ

ಕೂಸಿನ ಹೊಟ್ಟೆ ಕೆಡಲು ನಮ್ಮ ಊರುಗಳಲ್ಲಿ ಪ್ರೀಬಯಾಟಿಕ್ಕಿನ ಕೊರತೆಗಿಂತ ದೊಡ್ಡ ಕಾರಣ ನೀರು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆ, ಗದಗಿಗೆ ತುಂಗಭದ್ರೆ ಎಲ್ಲ ಸರಿ. ಆದರೆ ಎಷ್ಟೋ ಓಣಿಗಳಲ್ಲಿ ನಳದ ನೀರು ಬರುವುದು ಹಲವು ದಿನಕ್ಕೊಮ್ಮೆ. ಅಷ್ಟು ದಿನ ಟಾಕಿ, ಹಂಡೆ, ಕೊಡಗಳಲ್ಲಿ ನಿಂತ ನೀರೇ ಕೂಸಿನ ಹಾಲಿಗೂ ಬರುತ್ತದೆ. ಹಳ್ಳಿಗಳ ಶುದ್ಧ ನೀರಿನ ಘಟಕದ ಕ್ಯಾನ್ ಕೂಡ ತೊಳೆಯದೆ ತುಂಬಿಸಿದ್ದರೆ ಅಷ್ಟೇ. ಕುದಿಸಿದರೆ ರೋಗಾಣು ಸಾಯುತ್ತವೆ. ಬೋರಿನ ಸವಳು ನೀರಿನ ಉಪ್ಪು, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ದಟ್ಟವಾಗುತ್ತವೆ. ಆದ್ದರಿಂದ ಸವಳು ನೀರಿನ ಊರಿನವರು ಘಟಕದ ನೀರನ್ನೇ ತಂದು ಕುದಿಸಿ.

ಪುಡಿಹಾಲು ಕಲಸುವ ಕ್ರಮ ಹೀಗೆ:

1. ಸಾಬೂನಿನಿಂದ ಕೈ ತೊಳೆಯಿರಿ. ಬಟ್ಟಲು, ಚಮಚ ತೊಳೆದು ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ. ಬಾಟಲಿ-ನಿಪ್ಪಲ್ ಬಿಟ್ಟರೆ ಒಳ್ಳೆಯದು. ಅದರ ಸಂದಿ ಎಷ್ಟು ತೊಳೆದರೂ ಪೂರ್ತಿ ಸ್ವಚ್ಛವಾಗುವುದು ಕಷ್ಟ.
2. ನೀರನ್ನು ಬುಳಬುಳನೆ ಕುದಿಸಿ. ಮುಚ್ಚಿಟ್ಟು ಸ್ವಲ್ಪ ಆರಲು ಬಿಡಿ, ಆದರೆ 70 ಡಿಗ್ರಿಗಿಂತ ಕೆಳಗಿಳಿಯಬಾರದು. ಒಂದು ಲೀಟರ್ ಕುದಿಸಿದ್ದರೆ ಅರ್ಧ ಗಂಟೆಯೊಳಗೆ ಬಳಸಿ, ಕಡಿಮೆಯಿದ್ದರೆ ಇನ್ನೂ ಬೇಗ. ಯಾಕೆಂದರೆ ಡಬ್ಬಿಯ ಪುಡಿ ಪೂರ್ತಿ ರೋಗಾಣುಮುಕ್ತವಲ್ಲ, ಅದರಲ್ಲಿರಬಹುದಾದ ಕ್ರೋನೋಬ್ಯಾಕ್ಟರ್ ಎಂಬ ರೋಗಾಣುವನ್ನು ಕೊಲ್ಲಲು ಆ ಬಿಸಿ ಬೇಕು.
3. ಮೊದಲು ನೀರು ಅಳೆಯಿರಿ, ಆಮೇಲೆ ಪುಡಿ. ಅದೇ ಡಬ್ಬಿಯ ಅಳತೆ ಚಮಚವನ್ನು ಚಾಕುವಿನ ಬೆನ್ನಿನಿಂದ ಸಮ ಮಾಡಿ ಹಾಕಿ. ಸಾಮಾನ್ಯವಾಗಿ 30 ಮಿಲಿಗೆ ಒಂದು ಚಮಚ, ಆದರೂ ನಿಮ್ಮ ಡಬ್ಬಿಯಲ್ಲಿ ಬರೆದದ್ದೇ ಪ್ರಮಾಣ.
4. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ.

ಪ್ರೀಬಯಾಟಿಕ್ ಈ ಬಿಸಿಗೆ ಕೆಡುವುದಿಲ್ಲ. ಪ್ರೋಬಯಾಟಿಕ್ ಜೀವಿ, ಸಾಯುತ್ತದೆ. ಹಾಗಾಗಿ ಅದನ್ನು ಸೇರಿಸಿದ ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರು ಎಂದು ಬರೆದಿರುವುದುಂಟು. ಎಳೆಗೂಸಿಗೆ ಅಂಥ ಡಬ್ಬಿ ಕೊಡುವ ಮೊದಲು ಡಾಕ್ಟರನ್ನು ಕೇಳಿ. ನಾನಂತೂ ಬಿಸಿನೀರಿನ ಪಕ್ಷ.

ಪುಡಿಹಾಲು ಕುಡಿಯುವ ಕೂಸಿನ ಮಲ ಗಟ್ಟಿಯಾಗಿದೆ ಎಂದವರಿಗೆ ನನ್ನ ಮೊದಲ ಪ್ರಶ್ನೆ, “ಚಮಚ ಗೋಪುರ ಮಾಡಿ ಹಾಕ್ತೀರೋ, ಸಮ ಮಾಡಿ ಹಾಕ್ತೀರೋ?” ಹಾಲು ಗಟ್ಟಿಯಾದರೆ ಮಲವೂ ಗಟ್ಟಿ. ಡಬ್ಬಿ ಬದಲಿಸುವುದಕ್ಕಿಂತ ಮೊದಲು ಅಳತೆ ಸರಿಮಾಡಿ ನಾಲ್ಕು ದಿನ ನೋಡಿ.

ಹಂತ 6: ಆರು ತಿಂಗಳು ತುಂಬಿದ ಮೇಲೆ ಒಲೆಯ ಮೇಲಿನ ಪ್ರೀಬಯಾಟಿಕ್

180 ದಿನ ತುಂಬಿತೆಂದರೆ ಎದೆಹಾಲಿನ ಜೊತೆ ಊಟ ಶುರು. ಇಲ್ಲಿಂದ ಮುಂದೆ ಪ್ರೀಬಯಾಟಿಕ್ ಡಬ್ಬಿಯಲ್ಲೇ ಇರಬೇಕೆಂಬ ಹಟ ಬೇಡ. ಬೇಳೆಕಾಳುಗಳಲ್ಲಿ ಜಿಓಎಸ್ಸಿನ ಬಂಧುಗಳಾದ ರಾಫಿನೋಸ್, ಸ್ಟಾಕಿಯೋಸ್ ಇವೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿಯಲ್ಲಿ ಇನುಲಿನ್ ಜಾತಿಯ ಫ್ರಕ್ಟಾನುಗಳಿವೆ. ಬಾಳೆಹಣ್ಣಿನಲ್ಲೂ ಸ್ವಲ್ಪ ಉಂಟು. ಕಡಲೆಬೇಳೆ ತಿಂದರೆ ಹೊಟ್ಟೆ ಉಬ್ಬುತ್ತದಲ್ಲ, ಅದು ಇದೇ ರಾಫಿನೋಸಿನ ಕೆಲಸ. ಬ್ಯಾಕ್ಟೀರಿಯಾ ಅದನ್ನು ತಿನ್ನುವಾಗ ಗಾಳಿ ಬಿಡುತ್ತವೆ. ಹೆಸರುಬೇಳೆಯಲ್ಲಿ ಈ ಕಾಟ ಕಡಿಮೆ, ಅದಕ್ಕೇ ಕೂಸಿಗೆ ಮೊದಲ ಬೇಳೆ ಹೆಸರು. ನೆನೆಸಿದ ನೀರು ಚೆಲ್ಲಿದರೆ ಇನ್ನಷ್ಟು ಇಳಿಯುತ್ತದೆ.

ನಮ್ಮ ಕಡೆ ಸುಲಭವಾಗಿ ಆಗುವ ಊಟವೆಂದರೆ ಜೋಳದ ನುಚ್ಚು-ಹೆಸರುಬೇಳೆ. ಸಣ್ಣಗೆ ಒಡೆಸಿದ ನುಚ್ಚು ಎರಡು ಪಾಲು, ಹೆಸರುಬೇಳೆ ಒಂದು ಪಾಲು. ಎರಡನ್ನೂ ತೊಳೆದು ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ ಒಂದು ತುಂಡು ಗಜ್ಜರಿ ಇಲ್ಲವೇ ಕುಂಬಳಕಾಯಿ ಜೊತೆ ಕುಕ್ಕರಿನಲ್ಲಿ ಐದಾರು ಸೀಟಿ ಹೊಡೆಸಿ. ಕಡಗೋಲಿನಿಂದ ನುಣ್ಣಗೆ ಮಾಡಿ, ಅರ್ಧ ಚಮಚ ತುಪ್ಪ ಬೆರೆಸಿ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೋಳದ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿದೆ, ಹಾಗಾಗಿ ಎರಡೂ ಕೂಡಿದರೆ ಚೆಂದ. ಚಮಚ ಓರೆ ಮಾಡಿದರೆ ಸುರಿಯದೆ ನಿಲ್ಲುವಷ್ಟು ಗಟ್ಟಿ ಇರಬೇಕು. ಬೇಳೆಕಟ್ಟಿನ ತಿಳಿ, ಅನ್ನದ ಗಂಜಿ ಮಾತ್ರ ಕುಡಿಸಿದರೆ ಹೊಟ್ಟೆ ನೀರಿನಿಂದ ತುಂಬುತ್ತದೆ, ಕೂಸು ಬೆಳೆಯುವುದಿಲ್ಲ.

ಮೊದಲ ವಾರ ಎರಡು ಮೂರು ಚಮಚದಿಂದ ಶುರು ಮಾಡಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಬರಬರುತ್ತ 250 ಮಿಲಿ ಬಟ್ಟಲಿನ ಅರ್ಧದಷ್ಟು. ಒಂಬತ್ತರ ನಂತರ ಮೂರು ನಾಲ್ಕು ಸಲ, ನಡುವೆ ಹಣ್ಣು. ಹೊಸ ಪದಾರ್ಥ ಕೊಟ್ಟರೆ ಮೂರು ದಿನ ಅದನ್ನೇ ಮುಂದುವರಿಸಿ, ಹೊಟ್ಟೆ ಏನೆನ್ನುತ್ತದೆ ನೋಡಿ. ಉಳ್ಳಾಗಡ್ಡಿಯನ್ನು ಒಗ್ಗರಣೆಯಲ್ಲಿ ಮೆತ್ತಗೆ ಬೇಯಿಸಿ ಒಂದಿಷ್ಟು ಸೇರಿಸಬಹುದು. ಗೋಧಿ, ಅದರಲ್ಲೂ ನಮ್ಮ ಜವೆಗೋಧಿಯ ರವೆ, ತತ್ತಿ, ನುಣ್ಣಗೆ ಪುಡಿ ಮಾಡಿದ ಶೇಂಗಾ, ಮೊಸರು, ನುಗ್ಗಿಸೊಪ್ಪು ಒಂದೊಂದಾಗಿ ಬರಲಿ. ಇಡೀ ಶೇಂಗಾ, ಚುರಮರಿ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು. “ನಾರು ಹೊಟ್ಟೆಗೆ ಒಳ್ಳೆಯದು” ಎಂದು ದೊಡ್ಡವರಿಗೆ ಹೇಳುವ ಮಾತನ್ನು ಕೂಸಿಗೆ ಅನ್ವಯಿಸಬೇಡಿ. ತೌಡು, ಇಸಬಗೋಲು ಸಣ್ಣ ಹೊಟ್ಟೆಯ ಜಾಗ ತಿಂದು ಊಟ ತಪ್ಪಿಸುತ್ತವೆ.

ಗಟ್ಟಿ ಊಟ ನುಂಗಲು ಒಲ್ಲೆನೆನ್ನುವ ಕೂಸಿಗೆ ಒಂದು ಉಪಾಯವಿದೆ: ಮೊಳಕೆ ರಾಗಿ ಹಿಟ್ಟು. ಕಾಳು ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಹಿಟ್ಟಿನ ಪಿಷ್ಟವನ್ನು ಕತ್ತರಿಸುತ್ತದೆ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಗಟ್ಟಿ ಗಂಜಿಗೆ ಅರ್ಧ ಚಮಚ ಬೆರೆಸಿ ತಿರುವಿದರೆ ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ನೀರು ಹಾಕಿಲ್ಲವಾದ್ದರಿಂದ ಕಸುವು ಕಡಿಮೆಯಾಗುವುದಿಲ್ಲ. ಆಮೇಲೆ ಮತ್ತೊಮ್ಮೆ ಕುದಿಸಿ ಕೊಡಿ. ಮೊಳಕೆಗೆ ರಾಗಿಯನ್ನೇ ಬಳಸಿ, ಜೋಳ ಬೇಡ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ಕಂಡವರಿಗೆ ಕಾರಣ ಗೊತ್ತಿದೆ: ಸಯನೈಡ್ ಬಿಡುವ ಧುರಿನ್ ಎಂಬ ಪದಾರ್ಥ ಜೋಳದ ಮೊಳಕೆಯಲ್ಲೂ ಇರುತ್ತದೆ.

ಕಬ್ಬಿಣಾಂಶದ ಹನಿಯನ್ನು ಹೊಟ್ಟೆ ಕೆಡುತ್ತದೆಂದು ನಿಲ್ಲಿಸುವವರಿದ್ದಾರೆ. ಆರು ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿಲಿಯಂತೆ ಆಶಾ ಕಾರ್ಯಕರ್ತೆಯ ಮೂಲಕ ಸಿಗುವ ಸಿರಪ್ ಅದು. ಕಬ್ಬಿಣ ಕರುಳಿನ ಬ್ಯಾಕ್ಟೀರಿಯಾ ಸಮತೋಲವನ್ನು ಸ್ವಲ್ಪ ಕೆಡಿಸಬಲ್ಲದು ನಿಜ. ಕೆನ್ಯಾದ ಕೂಸುಗಳಲ್ಲಿ ನಡೆದ ಪರೀಕ್ಷೆಯಲ್ಲಿ ಜೊತೆಗೆ ಜಿಓಎಸ್ ಕೊಟ್ಟಾಗ ಆ ಕೆಡುಕು ತಗ್ಗಿದ್ದು ಕಂಡಿದೆ. ಎದೆಹಾಲು, ಬೇಳೆ ಮುಂದುವರಿಸಿ, ಸಿರಪ್ ನಿಲ್ಲಿಸಬೇಡಿ. ನಿಲ್ಲಿಸಬೇಕಾದದ್ದು ಚಹಾದಲ್ಲಿ ಅದ್ದಿದ ಬಿಸ್ಕೀಟು. ಚಹಾ ಊಟದ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಹಂತ 7: ಪ್ಯಾಕೆಟ್ ಹಿಟ್ಟುಗಳು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಊರಿಗೆ ಹೋಗುವಾಗ, ಬಸ್ಸಿನಲ್ಲಿ, ಕೆಲಸಕ್ಕೆ ಹೊರಟ ಬೆಳಿಗ್ಗೆ ಅನುಕೂಲ. ಪಟ್ಟಿಯಲ್ಲಿ ಸಕ್ಕರೆ, ಸುಕ್ರೋಸ್, ಮಾಲ್ಟೋಡೆಕ್ಸ್ಟ್ರಿನ್ ಮೊದಲ ಮೂರ್ನಾಲ್ಕರಲ್ಲಿ ಇದ್ದು ಇನುಲಿನ್ ಕೊನೆಯಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಸಿಹಿ ಹಿಟ್ಟು. ಮಾಲ್ಟೋಡೆಕ್ಸ್ಟ್ರಿನ್ ಹೆಸರು ದೊಡ್ಡದು, ಪೂರ್ತಿ ಅರಗುವ ಪಿಷ್ಟ ಅದು, ಪ್ರೀಬಯಾಟಿಕ್ ಅಲ್ಲ. ಅಂಗನವಾಡಿಯಿಂದ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಪುಷ್ಟಿ ಪುಡಿಯನ್ನು ಮೂಲೆಗಿಡಬೇಡಿ. ದಿನಾಂಕ ನೋಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಚೆನ್ನಾಗಿ ಬೇಯಿಸಿ, ಮೇಲೆ ತುಪ್ಪ ಹಾಕಿ ಕೊಡಿ. ಅದನ್ನು ಎಮ್ಮೆಗೆ ಹಾಕಿ ಕೂಸಿಗೆ ಅಂಗಡಿಯ ಪ್ಯಾಕೆಟ್ ಒಯ್ಯುವವರನ್ನು ನೋಡಿದ್ದೇನೆ.

ಹಂತ 8: ಭೇದಿ ಶುರುವಾದರೆ

ಆ ದಿನ ಡಬ್ಬಿ ಬದಲಿಸುವ ದಿನವಲ್ಲ. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು, ಪುಡಿಹಾಲು ಕುಡಿಯುವ ಕೂಸಿಗೆ ಅದೇ ಪುಡಿಹಾಲು, ಅದೇ ಅಳತೆ. ನೀರು ಹೆಚ್ಚಿಸಬೇಡಿ. ಊಟ ನಿಲ್ಲಿಸಬೇಡಿ. ಹೊಸ ಪ್ರೀಬಯಾಟಿಕ್ ಸೇರಿಸಿದರೆ ಗಾಳಿ ಹೆಚ್ಚಾಗಿ ಕೂಸು ಇನ್ನಷ್ಟು ನರಳುತ್ತದೆ.

ಓಆರ್‌ಎಸ್ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಒಂದು ಲೀಟರ್, ಕುದಿಸಿ ಆರಿಸಿದ ನೀರಿಗೆ ಒಂದೇ ಸಲಕ್ಕೆ ಪೂರ್ತಿ ಹಾಕಿ. ಅರ್ಧ ಪ್ಯಾಕೆಟ್ ಅರ್ಧ ಲೀಟರಿಗೆ ಎಂಬ ಅಂದಾಜು ಬೇಡ. ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿಲಿ, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಕರಗಿಸಿದ ಓಆರ್‌ಎಸ್ 24 ಗಂಟೆ ಕಳೆದರೆ ಚೆಲ್ಲಿ. ಸಿಹಿ ಪಾನೀಯದ ಪ್ಯಾಕ್ ಹಿಡಿದು ಬಂದು “ಇದೂ ಓಆರ್‌ಎಸ್ ಅಲ್ಲೇನ್ರಿ?” ಎನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಅದಕ್ಕಿಂತ ಎಷ್ಟೋ ಪಾಲು ಸಿಹಿಯಿರುವ ಪಾನೀಯ ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಕಣ್ಣು ಗುಳಿ ಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಆರು ಗಂಟೆಯಿಂದ ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆಗೆ ಹೋಗಿ, ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಿ. ಭೇದಿ ನಿಲ್ಲಿಸುವ ದೊಡ್ಡವರ ಗುಳಿಗೆಯನ್ನು ಅರ್ಧ ಮಾಡಿ ಕೊಡುವುದಂತೂ ಬೇಡವೇ ಬೇಡ. ಲಸಿಕೆ ಚೀಟಿಯಲ್ಲಿ 6, 10, 14ನೆಯ ವಾರದ ರೋಟಾವೈರಸ್ ಹನಿ ಆಗಿದೆಯೇ ಎಂದೂ ನೋಡಿ.

ಜೊತೆಗೆ ಡಾಕ್ಟರು ಹೇಳುವ ಸತುವಿನ ಗುಳಿಗೆ, ಅಂದರೆ ಜಿಂಕ್. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದವಕ್ಕೆ 20, ಒಂದು ಚಮಚ ಎದೆಹಾಲಿನಲ್ಲಿ ಇಲ್ಲವೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, 14 ದಿನ. ಎರಡನೆಯ ದಿನಕ್ಕೇ ಭೇದಿ ನಿಂತಿತೆಂದು ಉಳಿದ ಹನ್ನೆರಡು ದಿನದ ಗುಳಿಗೆಯನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ.